ಮುಂಬೈನಲ್ಲಿ ಹೊರಗೆ ಊಟಕ್ಕೆ ಎಲ್ಲಿಗೆ ಹೋಗಬೇಕು ಅಂತ ಹೇಗೆ ಆರಿಸೋದು?

ಹುಬ್ಬಳ್ಳಿಯಿಂದ ವರ್ಗವಾಗಿ ಮುಂಬೈಗೆ ಬಂದಿದ್ದೀರಿ. ರಜೆ ದಿನ ಹೊರಗೆ ಊಟ ಮಾಡೋಣ ಅಂತ ಫೋನ್ ತೆಗೆದರೆ ನೂರಾರು ಹೋಟೆಲು ಕಾಣುತ್ತವೆ, ಎಲ್ಲದಕ್ಕೂ ನಾಲ್ಕರ ಮೇಲೆ ಸ್ಟಾರು. ನಿಮಗೆ ಮೀನು ಇಷ್ಟ, ನಿಮ್ಮ ಮನೆಯವರು ಸಸ್ಯಾಹಾರಿ. ಹೇಗೆ ಆರಿಸೋದು ಅಂತ ಕೇಳಿದ್ದೀರಿ.

ಆ ಸ್ಟಾರುಗಳನ್ನು ಬದಿಗಿಡಿ. ನಾನು ಮೊದಲು ಏರಿಯಾ ಆರಿಸುತ್ತೇನೆ, ಹೋಟೆಲು ಆಮೇಲೆ. ಈ ಊರಿಗೆ ಒಂದೊಂದು ಸೀಮೆಯವರು ಬಂದು ಒಂದೊಂದು ಕಡೆ ನೆಲೆ ನಿಂತರು. ತಮಗೆ ಬೇಕಾದ ಊಟಕ್ಕೆ ಅಲ್ಲೇ ಹೋಟೆಲು ಹಾಕಿಕೊಂಡರು. ಹುಟ್ಟಿದಾಗಿನಿಂದ ಅದೇ ಅಡುಗೆ ಉಂಡ ಗಿರಾಕಿ ಪಕ್ಕದ ಬೀದಿಯಲ್ಲೇ ಇರುವಾಗ ಅಡುಗೆಯವನಿಗೆ ಕೈ ಜಾರಲು ಧೈರ್ಯ ಬರುವುದಿಲ್ಲ.

ಮಾಟುಂಗಾದಿಂದ ಶುರು ಮಾಡಿ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದರೆ ಮಲ್ಲಿಗೆ ದಂಡೆ, ಬಾಳೆಎಲೆ, ಫಿಲ್ಟರ್ ಕಾಫಿ ಪುಡಿ ಎಲ್ಲ ಸಿಗುತ್ತವೆ. ತಮಿಳರು, ಕನ್ನಡಿಗರು, ತುಳುವರು, ಕೊಂಕಣಿಗರು ಸೇರಿ ಕಟ್ಟಿದ ಪೇಟೆ ಅದು. ಸ್ಟೇಷನ್ ಹತ್ತಿರವೇ ಮಹಡಿ ಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದು. ಗಲ್ಲಾದಲ್ಲಿ ಮೊದಲೇ ದುಡ್ಡು ಕೊಟ್ಟು ಕೂಪನ್ ತಗೊಂಡು ಸರದಿಗೆ ಕಾಯಬೇಕು. ಎಲೆ ಊಟವನ್ನೇ ಹೇಳಿ. ಪಲ್ಯ, ಸಾರು, ಹುಳಿ ಒಂದರ ಹಿಂದೆ ಒಂದು ಬರುತ್ತವೆ. ಬಡಿಸುವವರ ಕೈ ಜೋರು, ನೀವು ಎಲೆಗೆ ಕೈ ಅಡ್ಡ ಹಿಡಿಯದಿದ್ದರೆ ಅನ್ನ ಬೀಳುತ್ತಲೇ ಇರುತ್ತದೆ. ಘಟ್ಟದ ಮೇಲಿನವರ ನಾಲಿಗೆಗೆ ಅಲ್ಲಿನ ಹುಳಿಯಲ್ಲಿ ಬೆಲ್ಲ ಸ್ವಲ್ಪ ಮುಂದೆ ಅನಿಸಬಹುದು, ಅದು ಕರಾವಳಿ ರೂಢಿ. ಬೆಳಗಿನ ತಿಂಡಿಗಾದರೆ ಕಿಂಗ್ಸ್ ಸರ್ಕಲ್ ಕಡೆಯ ಕೆಫೆ ಮದ್ರಾಸ್. 1940ರಿಂದ ನಡೆಸುತ್ತಿರುವವರು ಕಾಮತರು. ರಾಗಿ ದೋಸೆ ತಿನ್ನಿ. ಭಾನುವಾರ ಬೆಳಿಗ್ಗೆ ಸರದಿ ಉದ್ದ ಇರುತ್ತದೆ, ಆದರೆ ಬೇಗ ಕರಗುತ್ತದೆ. ತಿಂದ ಮೇಲೂ ಕೂತು ಹರಟಿದರೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಮಾಟುಂಗಾದ ಕೆಲವು ಹಳೇ ಹೋಟೆಲುಗಳಿಗೆ ಸೋಮವಾರ ರಜೆ, ವಿಚಾರಿಸಿಕೊಂಡು ಹೋಗಿ.

ಉಳಿದ ಕಡೆ ಗಲ್ಲಿಗೊಂದರಂತೆ ಕಾಣುವ ಶೆಟ್ಟರ ಹೋಟೆಲುಗಳ ಕಥೆ ಬೇರೆ. ಅಲ್ಲಿ ಇಡ್ಲಿಯಿಂದ ಹಿಡಿದು ಪಾವ್ ಭಾಜಿ, ಪನೀರು, ಶೆಜ್ವಾನ್ ದೋಸೆವರೆಗೆ ಎಲ್ಲ ಇರುತ್ತದೆ. ಮೆನು ಓದಬೇಡಿ, ಸುತ್ತ ನಾಲ್ಕು ಟೇಬಲ್ ನೋಡಿ. ಎಲ್ಲರ ತಟ್ಟೆಯಲ್ಲೂ ಪಾವ್ ಭಾಜಿ ಇದ್ದರೆ ಅದನ್ನೇ ಹೇಳಿ. ನಮ್ಮವರ ಹೋಟೆಲು ಅಂತ ಮಸಾಲೆ ದೋಸೆಯೇ ತಿನ್ನಬೇಕು ಅಂತೇನಿಲ್ಲ ಅಲ್ವಾ?

ಈಗ ನಿಮ್ಮ ಮೀನಿಗೆ ಬರೋಣ. ಮುಂಬೈನಲ್ಲಿ ಮೀನಿನೂಟ ಒಂದೇ ಥರ ಇಲ್ಲ. ದಾದರ್ ಕಡೆಯ ಮಾಲ್ವಣಿ, ಅಂದರೆ ಮಹಾರಾಷ್ಟ್ರದ ಕೊಂಕಣ ಕರಾವಳಿ ಶೈಲಿಯ ಹೋಟೆಲುಗಳಲ್ಲಿ ಕೋಕಂ ಹುಳಿ, ರವೆ ಹೊದಿಸಿ ಗರಿಗರಿಯಾಗಿ ಕರಿದ ಬೊಂಬಿಲ್ ಮೀನು, ಕೊನೆಗೆ ಕುಡಿಯಲು ಕೋಕಂ, ತೆಂಗಿನ ಹಾಲಿನ ಸೋಲ್ ಕಢಿ. ಫೋರ್ಟ್‌ನ ಮಹೇಶ್ ಲಂಚ್ ಹೋಮ್, ಅಪೂರ್ವ ಮುಂತಾದ ಕಡೆ ಮಂಗಳೂರು ಶೈಲಿ: ಗಸಿ (ತೆಂಗಿನಕಾಯಿ ಅರೆದು ಹಾಕಿದ ಗಟ್ಟಿ ಸಾರು), ನೀರುದೋಸೆ. ಗಸಿಯ ಕೆಂಪು ಬ್ಯಾಡಗಿ ಮೆಣಸಿನದು, ಅಂದರೆ ನಿಮ್ಮ ಕಡೆಯದೇ ಸರಕು. ನೋಡಲು ಭಯ ಹುಟ್ಟಿಸುತ್ತದೆ, ಖಾರ ಅಷ್ಟಿರುವುದಿಲ್ಲ. ಇಬ್ಬರಲ್ಲಿ ಯಾರು ಮೇಲು ಅಂತ ಕೇಳಿದರೆ ಕರಿದ ಮೀನಿಗೆ ಮಾಲ್ವಣಿ, ಗಸಿಗೆ ಮಂಗಳೂರು ಅನ್ನುತ್ತೇನೆ. ಜಗಳಕ್ಕೆ ಬರುವವರು ಬರಲಿ.

ಮೀನಿಗೆ ಕಾಲವೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಹೋಟೆಲಿನಲ್ಲಿ ಸಿಗುವುದು ಹೆಚ್ಚಾಗಿ ಐಸಿನಲ್ಲಿಟ್ಟ ಮೀನು, ರೇಟೂ ಜಾಸ್ತಿ. ಮಳೆಗಾಲ ಮುಗಿಯಲಿ, ಆಮೇಲೆ ಹೋಗಿ. ಇನ್ನೊಂದು ಮಾತು. ಪಾಂಫ್ರೆಟ್, ಏಡಿ ಎದುರು ಮೆನುವಿನಲ್ಲಿ ಬೆಲೆ ಇರದೆ 'ಸೈಜಿನ ಪ್ರಕಾರ' ಅಂತ ಇದ್ದರೆ ನಾಚಿಕೊಳ್ಳದೆ ಮೀನು ತಂದು ತೋರಿಸಲು ಹೇಳಿ, ರೇಟು ಕೇಳಿ, ಆಮೇಲೆ ಹೂಂ ಅನ್ನಿ. ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಫೋರ್ಟ್‌ಗೆ ಹೋಗುವುದಾದರೆ ಕೆಲಸದ ದಿನ ಮಧ್ಯಾಹ್ನ ಹೋಗಿ. ಆಫೀಸು ಪೇಟೆ ಅದು, ಭಾನುವಾರ ಭಣಭಣ. ಬಲ್ಲಾರ್ಡ್ ಎಸ್ಟೇಟಿನಲ್ಲಿ ಪಾರ್ಸಿಗಳ ಬ್ರಿಟಾನಿಯಾ ಇದೆ, 1923ರದು. ಅದು ಮಧ್ಯಾಹ್ನಕ್ಕಷ್ಟೇ ತೆರೆಯುವ ಜಾಗ. ಬೆರ್ರಿ ಪುಲಾವಿಗೆ ಜನ ದೂರದಿಂದ ಬರುತ್ತಾರೆ. ಮೊಹಮ್ಮದ್ ಅಲಿ ರೋಡಿಗೆ ತದ್ವಿರುದ್ಧ ಲೆಕ್ಕ, ರಂಜಾನ್ ತಿಂಗಳಲ್ಲಿ ಕತ್ತಲಾದ ಮೇಲೆ ಹೋಗಬೇಕು. ಅಲ್ಲಿನ ಸಿಹಿತಿಂಡಿ ಮಾಲ್ಪುವಾ ಒಂದನ್ನು ಇಬ್ಬರು ಹಂಚಿಕೊಂಡರೆ ಸಾಕು, ಅಷ್ಟು ದೊಡ್ಡದು.

ಮನೆಯವರಿಗೆ ಕಾಲ್ಬಾದೇವಿಯ ಶ್ರೀ ಠಾಕರ್ ಭೋಜನಾಲಯದ ಗುಜರಾತಿ ಥಾಲಿ ಊಟ ಒಮ್ಮೆ ಮಾಡಿಸಿ. ಹಸಿದು ಹೋಗಿ, ಬೆಳಗಿನ ತಿಂಡಿ ಬಿಟ್ಟರೂ ತಪ್ಪಿಲ್ಲ. ದಾದರಿನ ಆಸ್ವಾದ್‌ನಲ್ಲಿ ಥಾಲಿಪೀಠ, ಮಿಸಳ್‌ನಂಥ ಮರಾಠಿ ತಿಂಡಿಗಳು ಚೆನ್ನಾಗಿರುತ್ತವೆ. ಜೋಳದ ರೊಟ್ಟಿ ನೆನಪಾದರೆ ಯಾವುದಾದರೂ ಮರಾಠಿ ಖಾನಾವಳಿಗೆ ಹೋಗಿ 'ಜ್ವಾರೀಚೀ ಭಾಕರಿ, ಝುಣಕಾ' ಅನ್ನಿ, ಅಂದರೆ ಜೋಳದ ರೊಟ್ಟಿ, ಕಡಲೆಹಿಟ್ಟಿನ ಪಲ್ಯ. ರೊಟ್ಟಿ ನಿಮ್ಮಲ್ಲಿಯಷ್ಟು ತೆಳ್ಳಗೆ ಬರುವುದಿಲ್ಲ. ಶೇಂಗಾ ಚಟ್ನಿ ಇದ್ದರೆ ಆ ಕೊರತೆ ಗೊತ್ತಾಗುವುದಿಲ್ಲ.

ಇಬ್ಬರೂ ಒಟ್ಟಿಗೆ ಹೋಗುವ ದಿನ ಮೀನಿನ ಹೋಟೆಲು ಬೇಡ. ಅಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಬಹುಪಾಲು ದಾಲ್, ಪನೀರು ಅಷ್ಟೇ, ಪಾಪ ಸುಮ್ನೆ ನಿಮ್ಮ ತಟ್ಟೆ ನೋಡುತ್ತಾ ಕೂರಬೇಕು. ಮೀನನ್ನು ವಾರದ ನಡುವೆ ಆಫೀಸಿನವರ ಜೊತೆ ಮುಗಿಸಿಕೊಳ್ಳಿ, ಭಾನುವಾರ ಮನೆಯವರ ಜೊತೆ ಮಾಟುಂಗಾ. ಮಧ್ಯಾಹ್ನದ ಊಟಕ್ಕಾದರೆ ಹನ್ನೆರಡರ ಒಳಗೆ ಅಲ್ಲಿರಿ.