ಅಜ್ಜಿ ನೀರೂ ಮುಟ್ಟಲ್ಲ ಅಂತಾರೆ, ಅಕ್ಕ ಏನ್ಮಾಡ್ಬೇಕು?

ಪ್ರಶ್ನೆ: ನಮ್ಮಕ್ಕ ಇಸ್ರೇಲಲ್ಲಿ ವಯಸ್ಸಾದ ಯಹೂದಿ ಅಜ್ಜಿ ಒಬ್ರನ್ನ ನೋಡ್ಕೊಳ್ಳೋ ಕೆಲಸದಲ್ಲಿದ್ದಾಳೆ. ಅಜ್ಜಿಗೆ ಶುಗರ್, ಇನ್ಸುಲಿನ್ ಬೇರೆ. ಆದ್ರೂ ಯಹೂದಿಗಳ ಪ್ರಾಯಶ್ಚಿತ್ತದ ಉಪವಾಸದ ದಿನ ಯೋಮ್ ಕಿಪ್ಪುರ್‌ಗೆ ನೀರೂ ಮುಟ್ಟಲ್ಲ ಅಂತ ಹಠ. ತಿನ್ನಿಸಿದ್ರೆ ಅವರ ಧರ್ಮಕ್ಕೆ ಅಪಚಾರ ಆಗುತ್ತಾ? ಅಕ್ಕನೂ ಉಪವಾಸ ಇರ್ಬೇಕಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅಪಚಾರ ಖಂಡಿತ ಅಲ್ಲಮ್ಮ. ಜೀವ ಉಳಿಸೋದು ಉಪವಾಸಕ್ಕಿಂತ ದೊಡ್ಡದು ಅಂತ ಯಹೂದಿ ಧರ್ಮಶಾಸ್ತ್ರನೇ ಹೇಳುತ್ತೆ, ಪ್ರಾಣಕ್ಕೆ ಅಪಾಯ ಅಂತ ಡಾಕ್ಟರ್ ಹೇಳಿದ್ರೆ ಆವತ್ತು ಊಟ ಮಾಡೋದೇ ಅವರ ಕರ್ತವ್ಯ. ಆದ್ರೆ ಈ ಮಾತು ಅಕ್ಕ ಹೇಳಿದ್ರೆ ಅಜ್ಜಿ ಕೇಳಲ್ಲ, ರಬ್ಬಿ (ಅವರ ಧರ್ಮಗುರು) ಬಾಯಿಂದನೇ ಬರ್ಬೇಕು. ಅಜ್ಜಿ ಮಕ್ಕಳಿಗೆ ಹೇಳಿ ಮೊದಲೇ ಡಾಕ್ಟರ್ ಹತ್ರ, ರಬ್ಬಿ ಹತ್ರ ಇಬ್ಬರ ಹತ್ರನೂ ಮಾತಾಡ್ಸಿ. ಕೆಲವು ರೋಗಿಗಳಿಗೆ ಸುಮಾರು 30 ಮಿಲಿಗಿಂತ ಕಮ್ಮಿ ಆಹಾರ, 9 ನಿಮಿಷ ಬಿಟ್ಟು ಮತ್ತಷ್ಟು, ಹೀಗೆ ಸ್ವಲ್ಪಸ್ವಲ್ಪ ಕೊಡೋ ಪದ್ಧತಿ ಇದೆ, ಅಜ್ಜಿಗೆ ಅದು ಸಾಕಾ ಇಲ್ಲ ಸರಿಯಾಗಿ ಊಟನೇ ಬೇಕಾ ಅಂತ ಅವರೇ ಹೇಳ್ಬೇಕು. ಇನ್ಸುಲಿನ್ ಮಾತ್ರ ಡಾಕ್ಟರ್ ಹೇಳದೆ ಹೆಚ್ಚುಕಮ್ಮಿ ಮಾಡ್ಬಾರ್ದು.

ಅಜ್ಜಿ ಹಠನೂ ಅರ್ಥ ಮಾಡ್ಕೊಳ್ಳಿ. ಬಾಲ್ಯದಿಂದ ಹಿಡಿದ ವ್ರತ, ವರ್ಷದಲ್ಲೇ ಅತಿ ಪವಿತ್ರ ದಿನ, ಬಿಡು ಅಂದ್ರೆ ಸಂಕಟ ಆಗದೆ ಇರುತ್ತಾ? ಊಟ ಮಾಡಿದ್ರೂ ದಿನ ಆಚರಿಸೋಕೆ ಬೇಕಾದಷ್ಟಿದೆ. ಬಿಳಿ ಬಟ್ಟೆ ತೆಗೆದಿಡ್ಲಿ, ಚರ್ಮದ ಚಪ್ಪಲಿ ಬದ್ಲು ಬಟ್ಟೆ ಶೂ, ತೀರಿಹೋದವರ ಹೆಸರಲ್ಲಿ ಅಜ್ಜಿ ದೀಪ ಹಚ್ಚೋದಾದ್ರೆ ಸೂರ್ಯ ಮುಳುಗೋ ಮುಂಚೆನೇ ರೆಡಿ ಮಾಡ್ಲಿ. ನಡೆಯೋಕಾದ್ರೆ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಕರ್ಕೊಂಡು ಹೋಗ್ಲಿ, ಅಲ್ಲಿ ಎಲ್ಲರೂ ಎದೆ ತಟ್ಕೊಂಡು "ನಾವು ತಪ್ಪು ಮಾಡಿದ್ದೇವೆ" ಅಂತ ಒಟ್ಟಿಗೆ ಹೇಳ್ತಾರೆ, ನಾನು ಅಂತಲ್ಲ, ನಾವು ಅಂತ. ಇನ್ನೊಂದು, ಮನುಷ್ಯರಿಗೆ ಮಾಡಿದ ತಪ್ಪನ್ನ ಆ ಮನುಷ್ಯರ ಹತ್ರ ಸರಿಮಾಡ್ಕೊಳ್ಳೋವರೆಗೂ ಈ ದಿನ ಆ ಪಾಪ ಕಳೆಯಲ್ಲ ಅಂತ ಯಹೂದಿಗಳ ಹಳೇ ಧರ್ಮಗ್ರಂಥ ಮಿಷ್ನಾದಲ್ಲಿದೆ. ಅಜ್ಜಿ ಯಾರಿಗಾದ್ರೂ ಫೋನ್ ಮಾಡಿ ಕ್ಷಮೆ ಕೇಳ್ಬೇಕು ಅಂತಿದ್ರೆ ಹಿಂದಿನ ದಿನಗಳಲ್ಲೇ ನಂಬರ್ ಹಚ್ಚಿಕೊಡ್ಲಿ, ನನ್ನ ಕೇಳಿದ್ರೆ ಅದೇ ದೊಡ್ಡ ಸೇವೆ.

ಅಕ್ಕ ಉಪವಾಸ ಇರ್ಬೇಕಿಲ್ಲ, ಯಹೂದಿ ಅಲ್ಲದವರಿಗೆ ಆ ವಿಧಿ ಇಲ್ಲ, ಉಪವಾಸ ಇರೋರ ಎದುರು ತಿನ್ನದಿದ್ರೆ ಸಾಕು. 2026ರಲ್ಲಿ ಸೆಪ್ಟೆಂಬರ್ 20ರ ಸಂಜೆಯಿಂದ ಸುಮಾರು 25 ಗಂಟೆ, ಬಸ್ ಇಲ್ಲ, ಹೆಚ್ಚಿನ ಅಂಗಡಿ ಮುಚ್ಚಿರುತ್ತೆ, ಏರ್‌ಪೋರ್ಟೂ ಬಂದ್. ಅಜ್ಜಿ ಮಾತ್ರೆ, ದಿನಸಿ ಮೊದಲೇ ತಂದಿಡ್ಲಿ. ಆಂಬುಲೆನ್ಸ್ ಆವತ್ತೂ ಓಡುತ್ತೆ, ನಂಬರ್ 101. ಶುಗರ್ ಇಳಿದು ಅಜ್ಜಿ ಬೆವರೋಕೆ, ತಡಬಡಿಸೋಕೆ ಶುರುಮಾಡಿದ್ರೆ ಯಾರ ಪರ್ಮಿಷನ್ನಿಗೂ ಕಾಯದೆ ಸಿಹಿ ಕೊಟ್ಟು ಫೋನ್ ಮಾಡ್ಲಿ.