ಪರದೆ ಎಳೆದರೂ ತರಗತಿ ಏಕೆ ಕಾಯುತ್ತದೆ?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ನಮ್ಮ ತರಗತಿಯ ಪಶ್ಚಿಮಕ್ಕೆ ಎರಡು ದೊಡ್ಡ ಗಾಜಿನ ಕಿಟಕಿಗಳು, ಪೂರ್ವಕ್ಕೆ ಬರೀ ಇಟ್ಟಿಗೆ ಗೋಡೆ. ಮಧ್ಯಾಹ್ನ ದಪ್ಪ ಪರದೆ ಎಳೆದರೂ ಧಗೆ ಇಳಿಯುವುದಿಲ್ಲ. ಮೂರು ಗಂಟೆಯ ಹೊತ್ತಿಗೆ ಪೂರ್ವದ ಗೋಡೆಗೆ ಒರಗಿ ಕೂತ ಮಕ್ಕಳು ‘ಬೆನ್ನು ಸುಡುತ್ತೆ ಮಿಸ್’ ಅನ್ನುತ್ತಾರೆ. ಆಗ ಆ ಗೋಡೆಗೆ ಬಿಸಿಲೇ ಇರುವುದಿಲ್ಲವಲ್ಲ?

ಉತ್ತರ: ಮಕ್ಕಳ ಮಾತನ್ನು ನಂಬಿ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯನ್ನು ದಾಟಿ ಒಳಗೆ ಬರಲು ಬಿಸಿಲಿನ ಕಾವಿಗೆ ಸುಮಾರು 6ರಿಂದ 8 ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಹೊರಮೈಗೆ ಬಿದ್ದದ್ದು ಮಧ್ಯಾಹ್ನದ ಪಾಠದ ಹೊತ್ತಿಗೆ ಮಕ್ಕಳ ಬೆನ್ನು ಮುಟ್ಟುತ್ತದೆ. ನಮ್ಮ ಚರ್ಮದ ಬಿಸಿ ಸುಮಾರು 34 ಡಿಗ್ರಿ. ಗೋಡೆ ಅದಕ್ಕಿಂತ ಬಿಸಿಯಾದರೆ ಮೈಯ ಕಾವನ್ನು ಎಳೆದುಕೊಳ್ಳುವ ಬದಲು ತಾನೇ ಮೈಗೆ ಕಾವು ಕೊಡುತ್ತದೆ. ಸದ್ಯಕ್ಕೆ ಬೆಂಚುಗಳನ್ನು ಗೋಡೆಯಿಂದ ಒಂದು ಮಾರು ಈಚೆಗೆ ಎಳೆಯಿರಿ, ಇವತ್ತೇ.

ಪಶ್ಚಿಮದ ಗೋಡೆಯ ಕಾವು ಒಳಬರುವುದು ರಾತ್ರಿ, ಶಾಲೆ ಬಿಟ್ಟ ಎಷ್ಟೋ ಹೊತ್ತಿನ ಮೇಲೆ. ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದರೆ ಅದು ಕೋಣೆಯಲ್ಲೇ ಉಳಿದು, ಬೆಳಿಗ್ಗೆ ಬಾಗಿಲು ತೆರೆದವರ ಮುಖಕ್ಕೆ ಬಡಿಯುತ್ತದೆ. ಸರಳಿರುವ ಮೇಲುಗಿಂಡಿಗಳನ್ನಾದರೂ ರಾತ್ರಿ ತೆರೆದಿಡಿ.

ಈಗ ಪಶ್ಚಿಮದ ಕಿಟಕಿ. ಮಧ್ಯಾಹ್ನ ಗೋಡೆ ತಡಮಾಡಿದರೂ ಗಾಜು ಒಂದು ಕ್ಷಣವೂ ತಡಮಾಡುವುದಿಲ್ಲ. ತೆಳುವಾದ ಸಾದಾ ಗಾಜು ನೇರ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತೈದರಷ್ಟನ್ನು ಒಳಗೆ ಬಿಡುತ್ತದೆ. ಆ ಬಿಸಿಲು ನಿಮ್ಮ ಪರದೆಯನ್ನು ಕಾಯಿಸುತ್ತದೆ. ಕಾದ ಬಟ್ಟೆ ಹೊಮ್ಮಿಸುವ ಶಾಖಕಿರಣಗಳಿಗೆ ಅದೇ ಗಾಜು ಅಡ್ಡ ನಿಲ್ಲುತ್ತದೆ, ಅವು ನೇರವಾಗಿ ಹೊರಗೆ ಹೋಗಲಾರವು. ಅಂದರೆ ಪರದೆ ಮಕ್ಕಳ ಕಣ್ಣಿಗೆ ಹೊಡೆಯುವ ಬೆಳಕನ್ನು ತಡೆದೀತು, ಕಾವಿನ ಬಹುಪಾಲು ಆಗಲೇ ಒಳಗೆ ಬಂದಾಗಿದೆ.

ನಾನು ಪಾಠ ಹೇಳುತ್ತಿದ್ದ ಒಂದು ಕೋಣೆಯಲ್ಲಿ ಕಡುಹಸಿರು ಪರದೆ ಇತ್ತು. ಅದಕ್ಕೂ ಗಾಜಿಗೂ ನಡುವೆ ಕೈ ಹಾಕಿದರೆ ಒಲೆಯ ಬಾಯಿಯ ಹತ್ತಿರ ಹಿಡಿದಂತೆ. ಮರುದಿನ ಅದೇ ಬಟ್ಟೆಯನ್ನು ಬಿಚ್ಚಿ ಕಿಟಕಿಯ ಹೊರಗೆ, ಗಾಜಿನಿಂದ ಒಂದು ಮೊಳ ದೂರದಲ್ಲಿ ಕಟ್ಟಿದೆವು. ಬಟ್ಟೆ ಅಷ್ಟೇ ಕಾಯಿತು, ಆದರೆ ಕಾವನ್ನು ಗಾಳಿ ಹೊರಗಿನಿಂದ ಹೊರಗೇ ಒಯ್ದಿತು. ಗಾಜಿಗೆ ಅಂಗೈ ಒತ್ತಿ ನಿಲ್ಲುವಷ್ಟು ತಣ್ಣಗಾಯಿತು. ಆವತ್ತಿನಿಂದ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ನೆರಳನ್ನು ಗಾಜಿನ ಹೊರಗೆ ಹಾಕಿ. ಬಿದಿರಿನ ತಟ್ಟಿಯಾಗಲಿ, ನೆರಳುಬಲೆಯಾಗಲಿ, ಬಳ್ಳಿ ಹಬ್ಬಿದ ಚೌಕಟ್ಟಾಗಲಿ.

ಕಿಟಕಿಯ ಮೇಲೆ ಸಜ್ಜಾ ಇದ್ದರೆ ಸಾಲದೇ ಎಂದು ಕೇಳಬಹುದು. ನೆತ್ತಿಯ ಮೇಲಿನ ಸೂರ್ಯನಿಗೆ ಸಜ್ಜಾ ಸರಿ. ಪಶ್ಚಿಮಕ್ಕೆ ವಾಲಿದ ಸೂರ್ಯ ಅದರ ಕೆಳಗಿನಿಂದಲೇ ನುಗ್ಗುತ್ತಾನೆ. ಅಲ್ಲಿ ನಿಂತ ತಡೆಯೇ ಬೇಕು, ಮಲಗಿದ್ದು ಕೆಲಸಕ್ಕೆ ಬಾರದು.

ಪ್ರಶ್ನೆ: ಬಿಸಿಲಿನ ಕಾಟಕ್ಕೆ ಕಿಟಕಿಗಳನ್ನು ಇಟ್ಟಿಗೆ ಕಟ್ಟಿ ಮುಚ್ಚಿಸೋಣ ಎಂದು ಆಡಳಿತ ಮಂಡಳಿ ಹೇಳುತ್ತಿದೆ. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಸುಮ್ಮನೆ ಕೂತ ದೊಡ್ಡವರೊಬ್ಬರ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ, ಮಕ್ಕಳದು ಸ್ವಲ್ಪ ಕಡಿಮೆ. ನಲವತ್ತು ಮಕ್ಕಳಿರುವ ಕೋಣೆಯೆಂದರೆ ಹತ್ತಿರಹತ್ತಿರ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಹೊತ್ತಿಸಿಟ್ಟಂತೆ. ಅದೆಲ್ಲ ಹೊರಗೆ ಹೋಗಬೇಕಾದರೆ ಎದುರುಬದುರು ತೆರಪು ಬೇಕು, ಉಸಿರಿಗೆ ಹೊಸ ಗಾಳಿ ಬೇಕು. ಕಿಟಕಿ ಇರಲಿ, ಬಿಸಿಲಿಗಷ್ಟೇ ಅಡ್ಡ ಕಟ್ಟಿ. ತಟ್ಟಿಯನ್ನು ಗೋಡೆಗೆ ಒತ್ತಿ ಹೊಡೆಯದೆ ಗಾಳಿಯಾಡುವಷ್ಟು ದೂರ ಬಿಡಿ.

ಪ್ರಶ್ನೆ: ಹೊರಗೋಡೆಗೆ ಕಡು ಬಣ್ಣ ಬಳಿಸಿದರೆ ಕೊಳೆ ಕಾಣುವುದಿಲ್ಲ ಎನ್ನುತ್ತಾರೆ. ಕಾವು ಹೆಚ್ಚುತ್ತದೆಯೇ?

ಉತ್ತರ: ಹೆಚ್ಚುತ್ತದೆ. ಹೊಸದಾಗಿ ಬಳಿದ ಬಿಳಿ ಸುಣ್ಣ ಬಿಸಿಲಿನ ಮುಕ್ಕಾಲು ಭಾಗದಷ್ಟನ್ನು ಮರಳಿಸಿದರೆ, ಕಡು ಬಣ್ಣ ಬಹುಪಾಲನ್ನು ನುಂಗಿಬಿಡುತ್ತದೆ. ಪೂರ್ವ, ಪಶ್ಚಿಮದ ಗೋಡೆಗಳಿಗೆ ಮೊದಲು ಸುಣ್ಣ ಹೊಡೆಸಿ. ಕೊಳೆ ಕೂತ ಹಾಗೆ ಅದರ ಗುಣ ತಗ್ಗುವುದರಿಂದ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಮತ್ತೊಂದು ಕೈ ಬಳಿಸಬೇಕು.