ಇಬ್ಬರು ಲಿಫ್ಟ್ ಕೇಳ್ಕೊಂಡು ಕಡಲತೀರ ಸುತ್ತೋದು: ದಿನಕ್ಕೆ ಎಷ್ಟು ದೂರ?

ಕಮ್ಮಿ ದುಡ್ಡಲ್ಲಿ ಫ್ರೆಂಡ್ ಜೊತೆ ತೀರದುದ್ದಕ್ಕೂ ಬರೀ ಲಿಫ್ಟಲ್ಲೇ ಹೋಗ್ಬೇಕು, ದಿನಕ್ಕೆ 300 ಕಿ.ಮೀ. ಆಗುತ್ತಾ ಅಂತ ಕೇಳಿದೀರಲ್ಲ, ನನ್ನ ಪ್ರಕಾರ ಅದು ಜಾಸ್ತಿ ಆಯ್ತು, ಅರ್ಧ ಇಟ್ಕೊಳ್ಳಿ. ಯಾಕಂದ್ರೆ ದೂರ ಹೋಗೋ ಗಾಡಿಗಳು ಸಾಮಾನ್ಯವಾಗಿ ಒಳಗಿನ ಹೈವೇ ಹಿಡೀತವೆ, ಸಮುದ್ರದ ಪಕ್ಕದ ರೋಡಲ್ಲಿ ಓಡಾಡೋರು ಹೆಚ್ಚಾಗಿ ಪಕ್ಕದೂರಿನವ್ರೇ, ಐದು ಹತ್ತು ಕಿ.ಮೀ.ಗೆ ಇಳಿಸ್ತಾರೆ. ಆದ್ರೆ ಚಂದದ ಜಾಗ ತೋರ್ಸೋದೂ ಅವ್ರೇ, ಅದಕ್ಕೆ ಚಿಕ್ಕ ಲಿಫ್ಟ್ ಬೇಡ ಅನ್ಬೇಡಿ.

ನಿಲ್ಲೋ ಜಾಗ ತುಂಬಾ ಮುಖ್ಯ. ಊರು ದಾಟಿದ ಮೇಲೆ, ಗಾಡಿ ಇನ್ನೂ ಸ್ಲೋ ಇರೋ ಕಡೆ, ನಿಲ್ಸಕ್ಕೆ ಜಾಗ ಇರೋ ಕಡೆ ನಿಂತ್ಕೊಳಿ, ತಿರುವಲ್ಲಿ ಮಾತ್ರ ಬೇಡ. ಇಬ್ರೂ ಕಾಣೋ ಹಾಗೆ ನಿಲ್ಲಿ, ಒಬ್ರು ಮರೆಲಿದ್ದು ಆಮೇಲೆ ಓಡಿ ಬಂದ್ರೆ ಡ್ರೈವರ್‌ಗೆ ಭಯ ಆಗುತ್ತೆ, ಅದು ತಪ್ಪು ಕೂಡ. ಇಬ್ರಲ್ಲಿ ಒಬ್ರಿಗೆ ಸರಿ ಅನಿಸ್ಲಿಲ್ಲ ಅಂದ್ರೂ ಹತ್ಬೇಡಿ, ಈ ಮಾತು ಹೊರಡೋ ಮುಂಚೆನೇ ಆಡ್ಕೊಳಿ.

ಬೀಚಲ್ಲಿ ಟೆಂಟ್ ಹಾಕೋದಾದ್ರೆ ಅಲ್ಲಿ ಪರ್ಮಿಷನ್ ಇದ್ಯಾ ಕೇಳಿ, ಆಮೇಲೆ ಪಾಚಿ ಕಸ ಸಾಲಾಗಿ ಬಿದ್ದಿರೋ ಗೆರೆಗಿಂತ ಸಾಕಷ್ಟು ಮೇಲೆ ಹಾಕಿ. ಹುಣ್ಣಿಮೆ ಅಮಾವಾಸ್ಯೆ ಹತ್ರ ನೀರು ಇನ್ನೂ ಮೇಲೆ ಬರುತ್ತೆ, ಸಂಜೆ ನೋಡಿದ ಒಣ ಮರಳು ಮಧ್ಯರಾತ್ರಿ ಇರಲ್ಲ.

ಮತ್ತೆ ಇಬ್ರಿಗೂ ವಾಪಸ್ ಬಸ್ ಚಾರ್ಜು ಬೇರೆ ಎತ್ತಿಟ್ಟು ಅದನ್ನ ಮುಟ್ಲೇಬೇಡಿ ದಯವಿಟ್ಟು.